ವಿದ್ಯುತ್ ಗಿಟಾರನ್ನು ಹದಗೊಳಿಸುವ ಕ್ರಮ

ವಾದ್ಯವೊಂದನ್ನು ಕಲಿಯತೊಡಗಿದ ವಿದ್ಯಾರ್ಥಿಯು ಕೆಲವೇ ತಿಂಗಳುಗಳಲ್ಲಿ ಅದನ್ನು ಕೈಬಿಟ್ಟನೆಂದರೆ, ಅವನಿಗೆ ಶ್ರದ್ಧೆ ಸಾಲದು, ಇಲ್ಲವೆ ಸ್ವರಜ್ಞಾನವಿಲ್ಲ ಎಂದು ತೀರ್ಮಾನಿಸಿಬಿಡುವುದು ಲೋಕರೂಢಿ. ತಪ್ಪು ವಾದ್ಯದ್ದಾಗಿರಬಹುದೆಂಬ ಸಂದೇಹ ಅವನಿಗಾಗಲಿ ಅವನ ಹಿತೈಷಿಗಳಿಗಾಗಲಿ ಸುಲಭವಾಗಿ ಹುಟ್ಟುವುದಿಲ್ಲ. ಕಳೆದ ವರ್ಷ ನಮ್ಮ ವಿದ್ಯಾರ್ಥಿಯೊಬ್ಬನು ತನ್ನ ವಿದ್ಯುತ್ ಗಿಟಾರನ್ನು ಮಾರಿಬಿಡಬೇಕೆಂದು ನಿಶ್ಚಯಿಸಿ, ಅದಕ್ಕೆ ಮುನ್ನ ಒಮ್ಮೆ ಅದನ್ನು ಪ್ರಯೋಗಶಾಲೆಗೆ ತಂದನು. ಬಾಲ್ಯದಲ್ಲಿ ಕೆಲಕಾಲ ವೀಣೆಯನ್ನು ಅಭ್ಯಾಸ ಮಾಡಿದ್ದವನು ಅವನು. ಅವನ ದೂರುಗಳು ಎರಡು: ತಂತಿಗಳನ್ನು ಒತ್ತಿ ಒತ್ತಿ ಬೆರಳುಗಳು ನೋಯುತ್ತವೆ, ಬಿಡಿ ತಂತಿಗಳನ್ನು ಎಷ್ಟೇ ಎಚ್ಚರದಿಂದ ಶ್ರುತಿಗೂಡಿಸಿದರೂ ಮೆಟ್ಟಿಲುಗಳ ಮೇಲೆ ಒತ್ತಿದಾಗ ಸ್ವರಗಳು ಏರಿದಂತೆ ಕೇಳಿಸುತ್ತವೆ. ಮೊದಲನೆಯದು ತನ್ನ ಕೈಯ ದೌರ್ಬಲ್ಯವೆಂದೂ ಎರಡನೆಯದು ತನ್ನ ಕಿವಿಯ ದೋಷವೆಂದೂ ಅವನು ನಂಬಿಬಿಟ್ಟಿದ್ದನು. ಹನ್ನೆರಡನೆಯ ಮೆಟ್ಟಿಲಿನ ಬಳಿ ಅಳತೆಪಟ್ಟಿಯನ್ನಿಟ್ಟು ನೋಡಿದಾಗ ತಂತಿಗಳು ಅದರಿಂದ 3.5 ಮಿಲಿಮೀಟರ್ ಮೇಲಿದ್ದುವು. ಅವನ ಎರಡು ದೂರುಗಳಿಗೂ ಬಹುಮಟ್ಟಿಗೆ ಈ ಒಂದು ಸಂಖ್ಯೆಯೇ ಉತ್ತರವಾಗಿತ್ತು.

ಬೆರಳಿನ ಶ್ರಮ ಮತ್ತು ಶ್ರುತಿಯ ದೋಷ ಇವೆರಡೂ ಬೇರೆ ಬೇರೆ ವಿಷಯಗಳೆಂದು ತೋರಿದರೂ ಮೂಲದಲ್ಲಿ ಒಂದೇ ಕಾರಣದಿಂದ ಹುಟ್ಟತಕ್ಕವು ಎಂಬುದನ್ನೂ, ಅವುಗಳ ಪರಿಹಾರಕ್ಕೆ ಒಂದು ನಿಶ್ಚಿತ ಕ್ರಮವಿದೆಯೆಂಬುದನ್ನೂ ಈ ಲೇಖನದಲ್ಲಿ ವಿವರಿಸಲು ಉದ್ದೇಶಿಸಿದ್ದೇವೆ. ಪದವಿ ತರಗತಿಯ ಭೌತಶಾಸ್ತ್ರಕ್ಕಿಂತ ಹೆಚ್ಚಿನದೇನೂ ಇದಕ್ಕೆ ಬೇಕಾಗಿಲ್ಲ.

ವಾದ್ಯದ ರಚನೆ

ವಿದ್ಯುತ್ ಗಿಟಾರಿನ ಅಂಗಗಳನ್ನು ನಮ್ಮ ವೀಣೆಯ ಪರಿಭಾಷೆಯಲ್ಲಿಯೇ ಹೇಳಬಹುದು. ಆರು ಉಕ್ಕಿನ ತಂತಿಗಳು ಒಂದು ಕಡೆ ಕುದುರೆಯ ಮೇಲೂ ಇನ್ನೊಂದು ಕಡೆ ಮೇರುವಿನ ಮೇಲೂ ಹಾದು ಬಿರಡೆಗಳಿಗೆ ಸುತ್ತಿಕೊಂಡಿರುತ್ತವೆ. ಇವೆರಡರ ನಡುವೆ ದಂಡಿಯ ಮೇಲೆ 21 ಅಥವಾ 22 ಲೋಹದ ಮೆಟ್ಟಿಲುಗಳಿವೆ. ತಂತಿಗಳ ಕೆಳಗೆ ಪಿಕಪ್ ಎಂದು ಕರೆಯುವ, ಆಯಸ್ಕಾಂತದ ಸುತ್ತ ತಾಮ್ರದ ತಂತಿಯನ್ನು ಸುತ್ತಿದ ಸುರುಳಿಗಳಿರುತ್ತವೆ. ಉಕ್ಕಿನ ತಂತಿಯು ಕಂಪಿಸಿದಾಗ ಕಾಂತಕ್ಷೇತ್ರವು ಏರಿಳಿದು ಸುರುಳಿಯಲ್ಲಿ ವಿದ್ಯುತ್ತು ಪ್ರೇರಿತವಾಗುತ್ತದೆ. ಫ್ಯಾರಡೆಯು 1831ರಲ್ಲಿ ಕಂಡುಹಿಡಿದ ತತ್ತ್ವವೇ ಇದು. ನಾದವನ್ನು ವರ್ಧಿಸುವ ಹೊಣೆ ವಿದ್ಯುತ್ತಿನದಾದುದರಿಂದ ತಂತಿಯನ್ನು ಬಲವಾಗಿ ಮೀಟಬೇಕಾದ ಅಗತ್ಯವಿಲ್ಲ; ಆದುದರಿಂದಲೇ ತೆಳುವಾದ ತಂತಿಗಳನ್ನು ಮೆಟ್ಟಿಲುಗಳಿಗೆ ಬಹು ಸಮೀಪದಲ್ಲಿ ಕಟ್ಟಬಹುದು. ವಿದ್ಯುತ್ ಗಿಟಾರಿನ ಮುಖ್ಯ ಅನುಕೂಲವೊಂದು ಇದೇ. ಹದ ತಪ್ಪಿದ ವಾದ್ಯದಲ್ಲಿ ಮೊದಲು ನಷ್ಟವಾಗುವುದೂ ಇದೇ.

ವೀಣೆಗೂ ಗಿಟಾರಿಗೂ ಇರುವ ಒಂದು ಭೇದವನ್ನು ಇಲ್ಲಿ ಗಮನಿಸಬೇಕು. ಸಾಂಪ್ರದಾಯಿಕ ವೀಣೆಯ 24 ಮೆಟ್ಟಿಲುಗಳನ್ನು ಮೇಣದ ಮೇಲೆ ಕೂರಿಸಿರುತ್ತಾರೆ. ಸ್ವರವು ತಪ್ಪಿದರೆ ಮೇಳ ಕಟ್ಟುವ ಕುಶಲಿಯು ಮೇಣವನ್ನು ಮೆದುಗೊಳಿಸಿ ಮೆಟ್ಟಿಲನ್ನೇ ಸರಿಸುತ್ತಾನೆ. ಗಿಟಾರಿನ ಮೆಟ್ಟಿಲುಗಳಾದರೋ ಮರದಲ್ಲಿ ಕಡಿದ ಗಾಡಿಗಳೊಳಗೆ ಭದ್ರವಾಗಿ ನಾಟಿಕೊಂಡಿರುತ್ತವೆ. ಅವುಗಳ ಸ್ಥಾನವನ್ನು ಗಣಿತವು ಒಮ್ಮೆಗೇ ನಿರ್ಣಯಿಸಿಬಿಟ್ಟಿದೆ: ಪ್ರತಿಯೊಂದು ಮೆಟ್ಟಿಲೂ ಆವೃತ್ತಿಯನ್ನು 2ರ ಹನ್ನೆರಡನೆಯ ಮೂಲದಷ್ಟು, ಎಂದರೆ 1.0595ರಷ್ಟು, ಹೆಚ್ಚಿಸಬೇಕು. ಇದರಂತೆ 648 ಮಿಲಿಮೀಟರ್ ಉದ್ದದ ತಂತಿಗೆ ಮೊದಲನೆಯ ಮೆಟ್ಟಿಲು ಮೇರುವಿನಿಂದ 36.4 ಮಿಲಿಮೀಟರ್ ದೂರದಲ್ಲಿಯೂ ಹನ್ನೆರಡನೆಯದು ಸರಿಯಾಗಿ ಅರ್ಧದಲ್ಲಿ, 324 ಮಿಲಿಮೀಟರ್ ದೂರದಲ್ಲಿಯೂ ಇರುತ್ತವೆ. ಮೆಟ್ಟಿಲನ್ನು ಸರಿಸಲಾಗದ ಕಾರಣ ಸರಿಸುವ ಕೆಲಸವೆಲ್ಲವೂ ಕುದುರೆಗೆ ವರ್ಗವಾಗಿದೆ. ಅಮೆರಿಕದಲ್ಲಿ ಫೆಂಡರ್ ಸಂಸ್ಥೆಯು 1950ರಲ್ಲಿ ಹೊರತಂದು ಮರುವರ್ಷ ಟೆಲಿಕಾಸ್ಟರ್ ಎಂದು ಹೆಸರಿಸಿದ ಗಿಟಾರಿನಲ್ಲಿ ಆರು ತಂತಿಗಳಿಗೆ ಮೂರೇ ಕುದುರೆಗಳಿದ್ದುವು. ಎರಡೆರಡು ತಂತಿಗಳು ಒಂದನ್ನು ಹಂಚಿಕೊಳ್ಳಬೇಕಾಗಿತ್ತು. 1954ರಲ್ಲಿ ಬಂದ ಅದೇ ಸಂಸ್ಥೆಯ ಸ್ಟ್ರಾಟೊಕಾಸ್ಟರಿನಲ್ಲಿ ಪ್ರತಿ ತಂತಿಗೂ ಒಂದೊಂದು ಕಿರುಗುದುರೆ ದೊರೆಯಿತು. ಅದನ್ನು ತಿರುಪುಗಳಿಂದ ಎತ್ತರಿಸಬಹುದು, ತಗ್ಗಿಸಬಹುದು, ಹಿಂದಕ್ಕೂ ಮುಂದಕ್ಕೂ ಸರಿಸಬಹುದು. ಈ ಏರ್ಪಾಡು ಏತಕ್ಕಾಗಿ ಎಂಬುದನ್ನು ಮುಂದಿನ ಲೆಕ್ಕವು ತೋರಿಸುತ್ತದೆ.

ಎತ್ತರದ ಲೆಕ್ಕ

ತಂತಿಯನ್ನು ಮೆಟ್ಟಿಲಿಗೆ ಒತ್ತಿದಾಗ ಎರಡು ಕಾರ್ಯಗಳು ಏಕಕಾಲದಲ್ಲಿ ನಡೆಯುತ್ತವೆ. ಕಂಪಿಸುವ ಭಾಗದ ಉದ್ದವು ಕಡಮೆಯಾಗುತ್ತದೆ. ಇದು ನಾವು ಬಯಸಿದ್ದು. ತಂತಿಯು ಕೆಳಕ್ಕೆ ಬಾಗಿ ಸ್ವಲ್ಪ ಎಳೆದಂತಾಗುವುದರಿಂದ ಅದರ ಬಿಗಿತವೂ ಹೆಚ್ಚುತ್ತದೆ. ಇದು ನಾವು ಬಯಸದಿದ್ದದ್ದು. ಬಿಗಿತವು ನೂರಕ್ಕೆ ಒಂದು ಪಾಲು ಹೆಚ್ಚಿದರೆ ಆವೃತ್ತಿಯು ಸುಮಾರು ಅರ್ಧ ಪಾಲು ಏರುವುದೆಂಬುದನ್ನು ತಂತಿಯ ಕಂಪನದ ನಿಯಮದಿಂದ ವಿದ್ಯಾರ್ಥಿಗಳು ಬಲ್ಲರು. ಸ್ವರಾಂತರವನ್ನು ಅಳೆಯಲು ಸೆಂಟ್ ಎಂಬ ಮಾನವನ್ನು ಬಳಸುವುದುಂಟು. ಒಂದು ಸ್ಥಾಯಿಗೆ 1200 ಸೆಂಟುಗಳು. ಗಿಟಾರಿನ ಒಂದು ಮೆಟ್ಟಿಲಿಗೆ 100.

ಹನ್ನೆರಡನೆಯ ಮೆಟ್ಟಿಲಿನ ಮೇಲೆ ತಂತಿಯು 2 ಮಿಲಿಮೀಟರ್ ಎತ್ತರದಲ್ಲಿದೆಯೆನ್ನೋಣ. ಅದನ್ನು ಒತ್ತಿದಾಗ ಉಂಟಾಗುವ ಎರಡು ಲಂಬಕೋನ ತ್ರಿಕೋನಗಳಿಂದ ತಂತಿಯು ಹಿಗ್ಗುವ ಪ್ರಮಾಣವನ್ನು ಲೆಕ್ಕಹಾಕಿದರೆ ಅದು 0.0123 ಮಿಲಿಮೀಟರ್ ಮಾತ್ರ. ಆದರೂ ಉಕ್ಕು ಅತ್ಯಂತ ಬಿರುಸಾದ ವಸ್ತುವಾದುದರಿಂದ ಈ ಅಲ್ಪ ಹಿಗ್ಗುವಿಕೆಯೂ ಕಿವಿಗೆ ಮುಟ್ಟುತ್ತದೆ. 330 ಹರ್ಟ್ಸ್ ಆವೃತ್ತಿಯ ಮೊದಲನೆಯ ತಂತಿಯು ಇದರಿಂದ 2.3 ಸೆಂಟುಗಳಷ್ಟು ಏರುತ್ತದೆ; 196 ಹರ್ಟ್ಸ್ ಆವೃತ್ತಿಯ ಮೂರನೆಯ ತಂತಿಯು 6.5 ಸೆಂಟುಗಳಷ್ಟು ಏರುತ್ತದೆ. ಈ ಭೇದಕ್ಕೆ ತಂತಿಯ ದಪ್ಪವು ಕಾರಣವೆಂದು ಮೇಲುನೋಟಕ್ಕೆ ತೋರುವುದು. ಸಮೀಕರಣವನ್ನು ಬಿಡಿಸಿ ನೋಡಿದರೆ ದಪ್ಪವು ಎರಡು ಕಡೆಗಳಿಂದಲೂ ಹೊಡೆದುಹೋಗಿ, ಒಂದೇ ಉದ್ದದ ಗಟ್ಟಿ ಉಕ್ಕಿನ ತಂತಿಗಳಲ್ಲಿ ಈ ದೋಷವು ಆವೃತ್ತಿಯ ವರ್ಗಕ್ಕೆ ವಿಲೋಮ ಅನುಪಾತದಲ್ಲಿರುವುದು ಕಂಡುಬರುತ್ತದೆ. ಎಂದರೆ ಸ್ವರವು ತಗ್ಗಿದಷ್ಟೂ ದೋಷವು ಹೆಚ್ಚು. ನಾಲ್ಕನೆಯ ತಂತಿಯಿಂದ ಮುಂದಕ್ಕೆ ತೆಳುವಾದ ಉಕ್ಕಿನ ಎಳೆಯ ಮೇಲೆ ಇನ್ನೊಂದು ತಂತಿಯನ್ನು ಸುತ್ತಿರುತ್ತಾರೆ. ಸುತ್ತಿದ ಲೋಹವು ಭಾರವನ್ನು ಕೊಡುತ್ತದೆ, ಬಿರುಸನ್ನು ಕೊಡುವುದಿಲ್ಲ. ಆದುದರಿಂದ ಅಲ್ಲಿ ದೋಷವು ಮತ್ತೆ ತಗ್ಗುತ್ತದೆ. ಸರಿಯಾಗಿ ಹದಗೊಳಿಸಿದ ಗಿಟಾರಿನಲ್ಲಿ ಕಿರುಗುದುರೆಗಳು ಒಂದರಿಂದ ಮೂರರವರೆಗೆ ಹಿಂದೆ ಹಿಂದೆ ಸರಿದು, ನಾಲ್ಕರಲ್ಲಿ ಮುಂದಕ್ಕೆ ಬಂದು, ಆರರವರೆಗೆ ಪುನಃ ಹಿಂದೆ ಸರಿದಿರುವುದನ್ನು ವಾಚಕರು ನೋಡಿರಬಹುದು. ಆ ವಿಚಿತ್ರ ಸಾಲಿಗೆ ಕಾರಣ ಇದೇ.

ಹಿಗ್ಗುವಿಕೆಯು ಎತ್ತರದ ವರ್ಗವನ್ನು ಅನುಸರಿಸುತ್ತದೆಂಬುದು ಇಲ್ಲಿ ಎಲ್ಲಕ್ಕಿಂತ ಮುಖ್ಯವಾದ ವಿಷಯ. ಎತ್ತರವನ್ನು ಎರಡು ಪಾಲು ಮಾಡಿದರೆ ದೋಷವು ನಾಲ್ಕು ಪಾಲಾಗುತ್ತದೆ. ನಮ್ಮ ವಿದ್ಯಾರ್ಥಿಯ ಗಿಟಾರಿನಲ್ಲಿದ್ದಂತೆ 3.5 ಮಿಲಿಮೀಟರ್ ಎತ್ತರವಿದ್ದರೆ ಮೂರನೆಯ ತಂತಿಯ ದೋಷವು ಸುಮಾರು 20 ಸೆಂಟುಗಳು. ಅದು ಒಂದು ಮೆಟ್ಟಿಲಿನ ಐದನೆಯ ಒಂದು ಭಾಗ. ಅವನ ಕಿವಿಯು ಸುಳ್ಳು ಹೇಳಿರಲಿಲ್ಲ. ಬೆರಳನ್ನು ನೋಯಿಸುತ್ತಿದ್ದ ಎತ್ತರವೇ ಸ್ವರವನ್ನೂ ಕೆಡಿಸುತ್ತಿತ್ತು.

ಹಾಗಾದರೆ ತಂತಿಯನ್ನು ಮೆಟ್ಟಿಲಿಗೆ ತಗಲುವಷ್ಟು ಇಳಿಸಿಬಿಡಬಾರದೇಕೆ? ಕಂಪಿಸುವ ತಂತಿಗೆ ಅವಕಾಶ ಬೇಕು. ಅದಿಲ್ಲದಿದ್ದರೆ ತಂತಿಯು ಮುಂದಿನ ಮೆಟ್ಟಿಲುಗಳಿಗೆ ಬಡಿದು ಜರ್ಜರಧ್ವನಿಯನ್ನು ಹೊರಡಿಸುತ್ತದೆ. ಬೆರಳಿನ ಸುಖ ಒಂದು ಕಡೆ, ತಂತಿಯ ಅವಕಾಶ ಇನ್ನೊಂದು ಕಡೆ: ಇವೆರಡರ ನಡುವಿನ ಒಪ್ಪಂದವೇ ಹದ.

ಕ್ರಮ

ಈ ಒಪ್ಪಂದವನ್ನು ಸಾಧಿಸಲು ಐದು ಸ್ಥಾನಗಳಲ್ಲಿ ಕೈಯಾಡಿಸಬೇಕಾಗುತ್ತದೆ. ಒಂದನ್ನು ಬದಲಿಸಿದರೆ ಅದರ ನಂತರದವೆಲ್ಲವೂ ಬದಲಾಗುವುದರಿಂದ ಅನುಕ್ರಮವನ್ನು ತಪ್ಪಿಸಕೂಡದು.

ಮೊದಲು ಹೊಸ ತಂತಿಗಳನ್ನು ಹಾಕಿ, ಯಾವ ಶ್ರುತಿಯಲ್ಲಿ ನುಡಿಸಬೇಕೋ ಅದೇ ಶ್ರುತಿಗೆ ಏರಿಸಬೇಕು. ಬೆವರಿನಿಂದ ತುಕ್ಕು ಹಿಡಿದು, ಮೆಟ್ಟಿಲುಗಳ ಮೇಲೆ ಸವೆದ ತಂತಿಯ ದಪ್ಪವು ಉದ್ದಕ್ಕೂ ಏಕಪ್ರಕಾರವಾಗಿರುವುದಿಲ್ಲ. ಅಂಥ ತಂತಿಯನ್ನು ಯಾವ ಕುದುರೆಯೂ ಸರಿಪಡಿಸಲಾರದು. ಮೊದಲನೆಯದು 0.25 ಮಿಲಿಮೀಟರ್, ಆರನೆಯದು 1.17 ಮಿಲಿಮೀಟರ್ ವ್ಯಾಸವುಳ್ಳ ಸಾಮಾನ್ಯ ತಂತಿಗಳ ಒಂದು ಕಟ್ಟು ದಂಡಿಯನ್ನು ಒಟ್ಟು ಸುಮಾರು 47 ಕಿಲೋಗ್ರಾಂ ಭಾರದಷ್ಟು ಬಲದಿಂದ ಎಳೆಯುತ್ತದೆ. ತಂತಿಗಳನ್ನು ಸಡಿಲಿಸಿ ಮಾಡಿದ ಅಳತೆಗಳು ನಿರರ್ಥಕವಾಗುವುದು ಈ ಕಾರಣದಿಂದ.

ಎರಡನೆಯದು ದಂಡಿಯ ಬಾಗು. ಕಂಪಿಸುವ ತಂತಿಯ ವೈಶಾಲ್ಯವು ನಡುವಿನಲ್ಲಿ ಹೆಚ್ಚು. ಆದುದರಿಂದ ದಂಡಿಯು ನಡುವೆ ಕೂದಲೆಳೆಯಷ್ಟು ತಗ್ಗಿರುವುದು ಒಳ್ಳೆಯದು. ಮೊದಲನೆಯ ಮತ್ತು ಕೊನೆಯ ಮೆಟ್ಟಿಲುಗಳಲ್ಲಿ ತಂತಿಯನ್ನು ಒಟ್ಟಿಗೆ ಒತ್ತಿ ಹಿಡಿದರೆ ತಂತಿಯೇ ನೇರವಾದ ಅಳತೆಗೋಲಾಗುತ್ತದೆ. ಆಗ ಏಳು ಎಂಟನೆಯ ಮೆಟ್ಟಿಲುಗಳ ಬಳಿ ಸುಮಾರು 0.25 ಮಿಲಿಮೀಟರ್ ಸಂದಿರಬೇಕು. ನಮ್ಮ ಮುಂದಿದ್ದ ವಾದ್ಯದಲ್ಲಿ ಅದು 0.8 ಇತ್ತು. ದಂಡಿಯ ಒಳಗೆ ಹುದುಗಿರುವ, ಟ್ರಸ್ ರಾಡ್ ಎಂದು ಹೆಸರಾದ ಉಕ್ಕಿನ ಸರಳನ್ನು ಬಿಗಿಗೊಳಿಸಿದರೆ ಬಾಗು ಕಡಮೆಯಾಗುತ್ತದೆ, ಸಡಿಲಿಸಿದರೆ ಹೆಚ್ಚುತ್ತದೆ. ಈ ಸರಳು ಗಿಬ್ಸನ್ ಸಂಸ್ಥೆಯಲ್ಲಿ 1920ರ ದಶಕದ ಆದಿಯಲ್ಲಿ ಬಳಕೆಗೆ ಬಂದಿತು. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸದೆ, ಪ್ರತಿಸಲವೂ ಶ್ರುತಿಯನ್ನು ಸರಿಪಡಿಸಿ ಪುನಃ ಅಳೆಯಬೇಕು. ತಿರುಪು ಬಿಗಿದುಕೊಂಡಿದ್ದರೆ ಬಲಾತ್ಕಾರವು ಸಲ್ಲದು; ಅಲ್ಲಿ ಮುರಿದ ಸರಳನ್ನು ತೆಗೆಯುವುದು ದಂಡಿಯನ್ನೇ ಬಿಚ್ಚುವ ಕೆಲಸವಾಗುತ್ತದೆ. ಮರವು ಹವೆಯ ತೇವವನ್ನು ಹೀರುತ್ತದೆ, ಬಿಡುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಹದಗೊಂಡ ವಾದ್ಯವು ರಾಯಚೂರಿನ ಬೇಸಗೆಯಲ್ಲಿ ಅದೇ ಹದದಲ್ಲಿರುವುದೆಂದು ನಿರೀಕ್ಷಿಸಬಾರದು. ಈ ಪರೀಕ್ಷೆಯನ್ನು ಋತುವಿಗೊಮ್ಮೆಯಾದರೂ ಮಾಡುವುದು ಲೇಸು.

ಮೂರನೆಯದು ಮೇರು. ಇದನ್ನು ಬಹುಮಂದಿ ಅಲಕ್ಷಿಸುತ್ತಾರೆ. ಮೊದಲನೆಯ ಮೆಟ್ಟಿಲು ಮೇರುವಿಗೆ ತೀರ ಹತ್ತಿರದಲ್ಲಿರುವುದರಿಂದ ಅಲ್ಲಿ ಅಲ್ಪ ಎತ್ತರವೂ ತಂತಿಯನ್ನು ಬಹಳವಾಗಿ ಎಳೆಯುತ್ತದೆ. ಮೊದಲನೆಯ ಮೆಟ್ಟಿಲಿನ ಮೇಲೆ 1 ಮಿಲಿಮೀಟರ್ ಎತ್ತರವಿದ್ದರೆ ಮೂರನೆಯ ತಂತಿಯ ದೋಷವು ಸುಮಾರು 7.7 ಸೆಂಟುಗಳು, ಹನ್ನೆರಡನೆಯದರ ಮೇಲಿನ 2 ಮಿಲಿಮೀಟರ್ ಎತ್ತರದಿಂದಾಗುವ ದೋಷಕ್ಕಿಂತ ಇದು ಹೆಚ್ಚು. ಮೇರುವಿನ ಎತ್ತರವನ್ನು ಅರ್ಧ ಮಾಡಿದರೆ ದೋಷವು 2 ಸೆಂಟುಗಳ ಒಳಗಾಗುತ್ತದೆ. ಹೊಸಬರು ನುಡಿಸುವ ಸ್ವರಮೇಳಗಳೆಲ್ಲವೂ ಮೊದಲ ಮೂರು ಮೆಟ್ಟಿಲುಗಳಲ್ಲಿಯೇ ಇರುವುದರಿಂದ ಈ ದೋಷವನ್ನು ಅನುಭವಿಸುವವರು ಅವರೇ. ಕುದುರೆಯನ್ನು ಎಷ್ಟು ಸರಿಸಿದರೂ ಇದು ಹೋಗತಕ್ಕದ್ದಲ್ಲ. ಮೂರನೆಯ ಮೆಟ್ಟಿಲಿನಲ್ಲಿ ಒತ್ತಿದಾಗ ತಂತಿಯು ಮೊದಲನೆಯದನ್ನು ಮುಟ್ಟಿಯೂ ಮುಟ್ಟದಂತಿದ್ದರೆ ಮೇರುವಿನ ಗಾಡಿಯ ಆಳವು ಸರಿಯೆಂದು ತಿಳಿಯಬಹುದು. ಗಾಡಿಯನ್ನು ಅರದಿಂದ ಉಜ್ಜುವಾಗ ಅದರ ತಳವು ಬಿರಡೆಗಳ ಕಡೆಗೆ ಇಳಿಜಾರಾಗಿರಬೇಕು. ತಂತಿಯು ಮೆಟ್ಟಿಲುಗಳ ಕಡೆಯ ಅಂಚಿನಲ್ಲಿ ಒಂದೇ ಬಿಂದುವಿನಿಂದ ಹೊರಡಬೇಕು. ತಂಬೂರಿಯ ಅಗಲವಾದ ಕುದುರೆಯ ಮೇಲೆ ಜೀವಾಳಿಯಿಟ್ಟು ತಂತಿಯು ಮೇಲ್ಮೈಯನ್ನು ಮತ್ತೆ ಮತ್ತೆ ಸವರುವಂತೆ ಮಾಡುವುದರಿಂದಲೇ ಅದರ ಝೇಂಕಾರವು ಹುಟ್ಟುತ್ತದೆ. ವೀಣೆ ಮತ್ತು ತಂಬೂರಿಗಳ ಕುದುರೆಯ ಈ ವೈಶಿಷ್ಟ್ಯವನ್ನು ಸಿ. ವಿ. ರಾಮನ್ ಅವರು 1921ರಲ್ಲಿಯೇ ಪ್ರಕಟಿಸಿದ ಪ್ರಬಂಧದಲ್ಲಿ ಚರ್ಚಿಸಿದ್ದಾರೆ. ಅಲ್ಲಿ ಭೂಷಣವಾದದ್ದು ಗಿಟಾರಿನಲ್ಲಿ ದೂಷಣ. ಉಜ್ಜಿಹೋದದ್ದನ್ನು ಮರಳಿ ತುಂಬುವುದು ಕಷ್ಟವಾದುದರಿಂದ ಅನುಭವವಿಲ್ಲದವರು ಈ ಹಂತವನ್ನು ಬಲ್ಲವರ ಕೈಗೆ ಒಪ್ಪಿಸುವುದು ಮೇಲು.

ನಾಲ್ಕನೆಯದು ಕುದುರೆಯ ಎತ್ತರ ಮತ್ತು ಅದರೊಂದಿಗೆ ಪಿಕಪ್ಪಿನ ಎತ್ತರ. ದಂಡಿಯ ಬಾಗನ್ನು ಸರಿಪಡಿಸಿದಾಗಲೇ ತಂತಿಗಳು ಸ್ವಲ್ಪ ಇಳಿದಿರುತ್ತವೆ. ಮೊದಲೇ ಕುದುರೆಯನ್ನು ತಗ್ಗಿಸಿ ಆಮೇಲೆ ದಂಡಿಯನ್ನು ನೇರಮಾಡಿದವರು ತಂತಿಗಳು ಎಲ್ಲೆಡೆಯೂ ಬಡಿಯುವುದನ್ನು ಕಂಡು ಕಂಗೆಡುವುದು ಇದರಿಂದಲೇ. ಹನ್ನೆರಡನೆಯ ಮೆಟ್ಟಿಲಿನ ಮೇಲೆ ಮೊದಲನೆಯ ತಂತಿಗೆ ಸುಮಾರು 1.5, ವೈಶಾಲ್ಯ ಹೆಚ್ಚಾದ ಆರನೆಯ ತಂತಿಗೆ ಸುಮಾರು 2 ಮಿಲಿಮೀಟರ್ ಎತ್ತರವಿದ್ದರೆ ಸಾಮಾನ್ಯವಾಗಿ ಸಾಕು. ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ತಂತಿಯನ್ನು ಮೀಟಿ ಪರೀಕ್ಷಿಸಬೇಕು. ಒಂದೇ ಒಂದು ಸ್ಥಳದಲ್ಲಿ ಬಡಿತವಿದ್ದರೆ ಅಲ್ಲಿಯ ಮೆಟ್ಟಿಲುಗಳು ಸಮವಾಗಿಲ್ಲವೆಂದು ಅರ್ಥ. ಗಮಕಕ್ಕಾಗಿ ತಂತಿಯನ್ನು ಅಡ್ಡಲಾಗಿ ಎಳೆಯುವವರು ಇನ್ನೊಂದನ್ನು ಗಮನಿಸಬೇಕು. ದಂಡಿಯ ಮುಖವು ಅಡ್ಡಲಾಗಿ ಉಬ್ಬಿರುವುದರಿಂದ ಎಳೆದ ತಂತಿಯು ಉಬ್ಬನ್ನು ದಾಟುವಾಗ ಮೇಲಿನ ಮೆಟ್ಟಿಲಿಗೆ ತಗುಲಿ ನಾದವು ಹಠಾತ್ತನೆ ಸತ್ತುಹೋಗಬಹುದು. ಆರ್. ಪ್ರಸನ್ನ ಅವರಂತೆ ಗಿಟಾರಿನಲ್ಲಿ ಕರ್ನಾಟಕ ಸಂಗೀತವನ್ನು ನುಡಿಸಬಯಸುವ ವಿದ್ಯಾರ್ಥಿಗಳು ಎತ್ತರವನ್ನು ಕನಿಷ್ಠಕ್ಕೆ ಇಳಿಸುವ ಆಸೆಯನ್ನು ಸ್ವಲ್ಪ ಬಿಡಬೇಕಾಗುತ್ತದೆ. ಪಿಕಪ್ಪಿನ ವಿಷಯದಲ್ಲಿ, ನಾದವು ಜೋರಾಗಲೆಂದು ಅದನ್ನು ತಂತಿಗಳ ಸಮೀಪಕ್ಕೆ ಎತ್ತುವ ಪ್ರವೃತ್ತಿಯುಂಟು. ಆಗ ಆಯಸ್ಕಾಂತವು ತಂತಿಯನ್ನು ತನ್ನೆಡೆಗೆ ಸೆಳೆದು, ಮೇಲೆ ಕೆಳಗಿನ ಕಂಪನಕ್ಕೂ ಅಡ್ಡಲಾದ ಕಂಪನಕ್ಕೂ ಆವೃತ್ತಿಯಲ್ಲಿ ಭೇದವನ್ನುಂಟುಮಾಡುತ್ತದೆ; ಒಂದೇ ತಂತಿಯಲ್ಲಿ ಎರಡು ಸ್ವರಗಳು ಹೊಯ್ದಾಡಿದಂತೆ ಕೇಳಿಸುತ್ತದೆ. ಕೊನೆಯ ಮೆಟ್ಟಿಲಿನಲ್ಲಿ ಒತ್ತಿದಾಗ ಪಿಕಪ್ಪಿಗೂ ತಂತಿಗೂ 2ರಿಂದ 2.5 ಮಿಲಿಮೀಟರ್ ಅಂತರವಿದ್ದರೆ ಸಾಮಾನ್ಯವಾಗಿ ಈ ತೊಂದರೆಯಿರುವುದಿಲ್ಲ.

ಐದನೆಯದೂ ಕೊನೆಯದೂ ಆದ ಕಾರ್ಯವು ಕಿರುಗುದುರೆಗಳನ್ನು ಹಿಂದಕ್ಕೂ ಮುಂದಕ್ಕೂ ಸರಿಸುವುದು. ಹನ್ನೆರಡನೆಯ ಮೆಟ್ಟಿಲಿನ ನೇರದಲ್ಲಿ ತಂತಿಯನ್ನು ಬೆರಳಿನಿಂದ ಹಗುರವಾಗಿ ಮುಟ್ಟಿ ಮೀಟಿದರೆ ಹಿಗ್ಗುವಿಕೆಯಿಲ್ಲದೆಯೇ ಮೇಲಿನ ಸ್ಥಾಯಿಯ ಸ್ವರವು ದೊರೆಯುತ್ತದೆ. ಅಲ್ಲಿಯೇ ಒತ್ತಿ ಮೀಟಿದ ಸ್ವರವು ಅದಕ್ಕಿಂತ ಏರಿದ್ದರೆ ಕುದುರೆಯನ್ನು ಹಿಂದಕ್ಕೆ ಸರಿಸಿ ತಂತಿಯನ್ನು ಉದ್ದಗೊಳಿಸಬೇಕು. ಇಳಿದಿದ್ದರೆ ಮುಂದಕ್ಕೆ ತರಬೇಕು. ಒಂದು ಮಿಲಿಮೀಟರ್ ಸರಿಸಿದರೆ ಸುಮಾರು 2.7 ಸೆಂಟುಗಳ ಬದಲಾವಣೆಯಾಗುತ್ತದೆ. ಇಂದಿನ ಮೊಬೈಲ್ ಫೋನುಗಳಲ್ಲಿ ದೊರೆಯುವ ಶ್ರುತಿಮಾಪಕಗಳು ಸೆಂಟುಗಳನ್ನು ನೇರವಾಗಿ ತೋರಿಸುವುದರಿಂದ ಈ ಕಾರ್ಯವು ಹಿಂದಿನಂತೆ ಪ್ರಯಾಸದ್ದಲ್ಲ. ಎತ್ತರವು 3.5 ಮಿಲಿಮೀಟರ್ ಇದ್ದಾಗ 20 ಸೆಂಟುಗಳನ್ನು ನೀಗಲು ಮೂರನೆಯ ಕುದುರೆಯನ್ನು 7 ಮಿಲಿಮೀಟರಿಗೂ ಹೆಚ್ಚು ಹಿಂದೆ ಸರಿಸಬೇಕಾಗುತ್ತಿತ್ತು. ಎತ್ತರವು 2ಕ್ಕೆ ಇಳಿದ ಮೇಲೆ ಎರಡೂವರೆ ಮಿಲಿಮೀಟರ್ ಸಾಕು. ಈ ಕಾರ್ಯವು ಕೊನೆಯದಾಗಿರಬೇಕೆಂಬುದಕ್ಕೆ ಬೇರೆ ಸಮರ್ಥನೆ ಬೇಕಿಲ್ಲ.

ಹದಕ್ಕೆ ಒಳಪಡದ ದೋಷ

ಇಷ್ಟೆಲ್ಲ ಆದ ಮೇಲೆ ನಮ್ಮ ವಿದ್ಯಾರ್ಥಿಯು ಗಿಟಾರನ್ನು ನುಡಿಸಿ ನೋಡಿದನು. ಬೆರಳಿನ ನೋವಿನ ಮಾತು ನಿಂತುಹೋಯಿತು. ಆದರೆ ಸ್ವರಮೇಳದಲ್ಲಿ ಗಾಂಧಾರವು ಇನ್ನೂ ಸ್ವಲ್ಪ ಏರಿದೆಯೆಂದು ಅವನು ಹೇಳಿದನು. ಶ್ರುತಿಮಾಪಕವು ಎಲ್ಲವೂ ಸರಿಯೆಂದು ತೋರಿಸುತ್ತಿತ್ತು. ಇಲ್ಲಿಯೂ ಅವನ ಕಿವಿಯೇ ನಿಜವನ್ನು ನುಡಿದಿತ್ತು. ಷಡ್ಜದೊಡನೆ 5:4 ಅನುಪಾತದಲ್ಲಿ ನಿಲ್ಲುವ ಅಂತರಗಾಂಧಾರವು 386 ಸೆಂಟುಗಳದ್ದು. ಗಿಟಾರಿನ ನಾಲ್ಕು ಮೆಟ್ಟಿಲುಗಳು 400 ಸೆಂಟುಗಳು. ತಂಬೂರಿಯ ನಾದದಲ್ಲಿ ಬೆಳೆದ ಕಿವಿಗೆ ಈ 14 ಸೆಂಟುಗಳು ಕೇಳಿಸದಿರಲಾರವು. ಇದು ಹದದ ದೋಷವಲ್ಲ. ಹನ್ನೆರಡು ಸ್ವರಗಳನ್ನೂ ಷಡ್ಜವಾಗಿಸಿಕೊಳ್ಳಬಲ್ಲ ಸೌಲಭ್ಯಕ್ಕಾಗಿ ಪಾಶ್ಚಾತ್ಯ ಸಂಗೀತವು ತಿಳಿದೇ ತೆತ್ತ ಬೆಲೆ. ಒಂದು ಸ್ವರಮೇಳದ ಗಾಂಧಾರವು ಇಂಪಾಗಲೆಂದು ಬಿರಡೆಯನ್ನು ತಿರುಗಿಸಿದರೆ ಮತ್ತೊಂದು ಸ್ವರಮೇಳವು ಕೆಡುತ್ತದೆ. ಹಾಗೆ ಮಾಡಿ ಮಾಡಿ ದಣಿದವರು ಅನೇಕರಿರಬೇಕು. ತೆಗೆಯಬಹುದಾದ ದೋಷ ಯಾವುದು, ಒಪ್ಪಿಕೊಳ್ಳಬೇಕಾದ ದೋಷ ಯಾವುದು ಎಂಬ ವಿವೇಕವೂ ಹದಗೊಳಿಸುವ ವಿದ್ಯೆಯ ಒಂದು ಭಾಗವೇ ಆಗಿದೆ.

ಮೇಲಿನ ಐದು ಕಾರ್ಯಗಳಿಗೆ ಬೇಕಾದ ಉಪಕರಣಗಳೆಂದರೆ ಒಂದು ಅಳತೆಪಟ್ಟಿ, ತೆಳ್ಳನೆಯ ಉಕ್ಕಿನ ಹಾಳೆಗಳ ಸಂದುಮಾಪಕ, ತಿರುಪು ತಿರುಗಿಸುವ ಒಂದೆರಡು ಸಾಧನಗಳು ಮತ್ತು ಶ್ರುತಿಮಾಪಕ. ಮೇರುವಿನ ಕೆಲಸವನ್ನು ಬಿಟ್ಟರೆ ಉಳಿದವುಗಳನ್ನು ಯಾವ ವಿದ್ಯಾರ್ಥಿಯಾದರೂ ಒಂದು ಅಪರಾಹ್ನದಲ್ಲಿ ಮಾಡಿ ಮುಗಿಸಬಹುದು. ತಂತಿಯ ಕಂಪನವನ್ನು ಬೋಧಿಸುವ ಅಧ್ಯಾಪಕರಿಗೆ ಇದು ಒಳ್ಳೆಯ ಪ್ರಯೋಗಪಾಠವೂ ಆಗಬಲ್ಲದು. ಗಿಟಾರನ್ನಾಗಲಿ ಇನ್ನಾವ ವಾದ್ಯವನ್ನಾಗಲಿ ಕಲಿಯುತ್ತಿರುವ ವಿದ್ಯಾರ್ಥಿಯು ತನ್ನ ಕೈಯನ್ನೂ ಕಿವಿಯನ್ನೂ ಹಳಿದುಕೊಳ್ಳುತ್ತಿದ್ದರೆ, ಅವನನ್ನು ಪರೀಕ್ಷಿಸುವುದಕ್ಕೆ ಮುನ್ನ ಅವನ ವಾದ್ಯವನ್ನು ಅಳೆದು ನೋಡುವುದು ನ್ಯಾಯ. ನಮ್ಮ ವಿದ್ಯಾರ್ಥಿಯು ತನ್ನ ಗಿಟಾರನ್ನು ಮಾರಲಿಲ್ಲ.